ಪರೀಕ್ಷಾ ಸಿದ್ಧತೆಗೆ ಸ್ವಗತಿಯ ವಿಡಿಯೊ ಪಾಠ

ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಹಿಂದುಳಿದ ಮಕ್ಕಳು ತರಗತಿಯಲ್ಲಿ ಪುನಃ ಪ್ರಶ್ನಿಸಲು ಸಂಕೋಚಪಡುತ್ತಾರೆ. ಅನುತ್ತೀರ್ಣರಾದರೆ ಓದನ್ನೇ ತೊರೆಯುವ ಸಂಭವವಿದೆ. ವಿಡಿಯೊ ಪಾಠವನ್ನಾದರೋ ತಮ್ಮ ಗತಿಗೆ ತಕ್ಕಂತೆ ನಿಲ್ಲಿಸಿ, ಮತ್ತೆ ನೋಡಬಹುದು. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳು ಉಚಿತವಾಗಿವೆ. ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದಿದ್ದರೂ ವೀಕ್ಷಿಸಬಹುದು.

ಆದರೆ ಕೇವಲ ವೀಕ್ಷಣೆಯು ಕಲಿಕೆಯಲ್ಲ. ಉದಾಹರಣೆಗೆ, ವರ್ಗ ಸಮೀಕರಣದ ಒಂದು ಲೆಕ್ಕವನ್ನು ನೋಡಿದ ಕೂಡಲೇ ವಿಡಿಯೊ ನಿಲ್ಲಿಸಿ, ಅಂತಹುದೇ ಇನ್ನೊಂದನ್ನು ನೋಟ್‌ಪುಸ್ತಕದಲ್ಲಿ ಬಿಡಿಸಬೇಕು. ತಪ್ಪಿದಲ್ಲಿ ಅದೇ ಭಾಗವನ್ನು ಪುನಃ ನೋಡಬೇಕು. ಆಗಲೂ ತಿಳಿಯದಿದ್ದರೆ ಶಿಕ್ಷಕರು ವಿವರಿಸಬೇಕು. ಎಲ್ಲರಿಗೂ ಒಂದೇ ಪರದೆಯಲ್ಲಿ ತೋರಿಸಿದರೆ ಸ್ವಗತಿಯ ಉದ್ದೇಶವೇ ವಿಫಲವಾಗುತ್ತದೆ.

ಆದ್ದರಿಂದ ಸದಸ್ಯರು ಶಾಲಾಭಿವೃದ್ಧಿ ಸಮಿತಿಯೊಡನೆ ಚರ್ಚಿಸಿ, ಪಂಚಾಯತಿ ಗ್ರಂಥಾಲಯದ ಕಂಪ್ಯೂಟರ್, ಹೆಡ್‌ಫೋನ್ ಹಾಗೂ ವಿದ್ಯುತ್ ಸೌಲಭ್ಯವನ್ನು ಪರಿಶೀಲಿಸಿ, ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುವಂತೆ ವೇಳಾಪಟ್ಟಿ ನಿಗದಿಪಡಿಸುವುದು.