ಬಾಡಿಗೆಯ ಮನೆಯ ಒಡೆಯನ ಕರ್ತವ್ಯಗಳು

ನಮ್ಮ ಹಳ್ಳಿಗಳ ಕೆಲವು ಕುಟುಂಬದವರು ಹೊಲದ ಒಂದು ಭಾಗವನ್ನು ಮಾರಿಯಾಗಲಿ, ಸಾಲವೆತ್ತಿಯಾಗಲಿ, ಧಾರವಾಡದಲ್ಲಿ ಜಾಗವನ್ನು ಕೊಂಡು ಬಾಡಿಗೆಯ ಕೋಣೆಗಳನ್ನು ಕಟ್ಟಿಸಬೇಕೆಂದು ಯೋಚಿಸುವದುಂಟು. "ಹೊಲವು ಮಳೆಯನ್ನು ನಂಬಿದೆ, ಕೋಣೆಯಾದರೋ ತಿಂಗಳು ತಿಂಗಳಿಗೆ ತಾನಾಗಿಯೇ ಹಣ ಕೊಡುವದು" ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧವೇ ಸತ್ಯ. ಕೋಣೆಯು ಹಣ ಕೊಡುವದು ನಿಜ. ತಾನಾಗಿಯೇ ಕೊಡುವದೆಂಬುದು ನಿಜವಲ್ಲ. ಬಾಡಿಗೆಯ ಮನೆಯೂ ಒಂದು ಬೇಸಾಯವೇ. ಒಡೆಯನ ಕಣ್ಣೂ ಕೈಯೂ ಅದರ ಮೇಲೆ ಇರುವ ವರೆಗೆ ಅದು ಫಲ ಕೊಡುವದು. ಇದೇ ಈ ಪಾಠದ ಸಾರ.

ಸಪ್ತಾಪುರದ ಸಂಗತಿ

ಧಾರವಾಡದ ಸಪ್ತಾಪುರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಯಿತು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯವು 1950ರಲ್ಲಿ ಧಾರವಾಡಕ್ಕೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಉಂಟಾಯಿತು. ಈಚೆಗೆ ಸರಕಾರಿ ನೌಕರಿಯ ಪರೀಕ್ಷೆಗಳಿಗೆ ತರಬೇತಿ ಕೊಡುವ ಸಂಸ್ಥೆಗಳು ಸಪ್ತಾಪುರದಲ್ಲಿ ಹೆಚ್ಚಿವೆ. ಹೀಗಿರಲಾಗಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಯುವಕ ಯುವತಿಯರು ಬಂದು, ಇಲ್ಲಿಯ ಮನೆಗಳ ಮಹಡಿಗಳಲ್ಲಿಯೂ ಹಿತ್ತಲ ಕೋಣೆಗಳಲ್ಲಿಯೂ ಇಬ್ಬರು ಮೂವರು ಕೂಡಿ ಬಾಡಿಗೆಗೆ ಇರುತ್ತಾರೆ. ಅವರು ಕೊಡುವ ಬಾಡಿಗೆಯು ಬಹುಮಟ್ಟಿಗೆ ಹಳ್ಳಿಯಲ್ಲಿರುವ ತಂದೆತಾಯಿಗಳ ದುಡಿಮೆಯ ಹಣವೆಂಬುದನ್ನು ಮರೆಯಬಾರದು.

1. ಭಂಡವಲದ ಲೆಕ್ಕ

ಕಟ್ಟುವದಕ್ಕೆ ಮೊದಲು ಕೂತು ಲೆಕ್ಕಮಾಡತಕ್ಕದ್ದು. ತಿಳುವಳಿಕೆಗಾಗಿ ಒಂದು ಲೆಕ್ಕವನ್ನು ಊಹಿಸೋಣ. ಒಬ್ಬನು 25 ಲಕ್ಷ ರೂಪಾಯಿ ಹಾಕಿ ನಾಲ್ಕು ಕೋಣೆಗಳನ್ನು ಕಟ್ಟಿಸಿದನು. ಕೋಣೆಯೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಬಾಡಿಗೆ. ವರ್ಷಕ್ಕೆ 1,92,000 ಆಗುವದು. ಆದರೆ ಪರೀಕ್ಷೆ ಮುಗಿದಾಗ ವಿದ್ಯಾರ್ಥಿಗಳು ಬಿಟ್ಟುಹೋಗುವರು. ಪ್ರತಿ ಕೋಣೆಯು ವರ್ಷದಲ್ಲಿ ಒಂದು ತಿಂಗಳು ಬರಿದಾಗಿದ್ದರೆ 16,000 ಕಡಿಮೆಯಾಗಿ 1,76,000 ಉಳಿಯಿತು. ಘರಪಟ್ಟಿ, ಸುಣ್ಣಬಣ್ಣ, ನಳದ ದುರಸ್ತಿ, ಪಂಪು, ವಿದ್ಯುತ್ತು ಇವುಗಳಿಗೆ 36,000 ಹೋದರೆ ಕೈಗೆ ಬರುವದು 1,40,000. ಇದು ಹಾಕಿದ ಹಣದ ಮೇಲೆ ನೂರಕ್ಕೆ 5.6 ಮಾತ್ರ. ಆ 25 ಲಕ್ಷದಲ್ಲಿ 15 ಲಕ್ಷವು ನೂರಕ್ಕೆ 9ರ ಬಡ್ಡಿಯ ಸಾಲವಾಗಿದ್ದರೆ ಮೊದಲನೆಯ ವರ್ಷದ ಬಡ್ಡಿಯೇ ಸುಮಾರು 1,35,000. ಉಳಿದ 5,000 ರೂಪಾಯಿಯಿಂದ ಸಾಲದ ಅಸಲು ತೀರುವದೆಂತು? ಜಾಗದ ಬೆಲೆ ಮುಂದೆ ಏರಬಹುದು. ಆದರೆ ಏರುವ ಬೆಲೆಯಿಂದ ಈ ತಿಂಗಳ ಕಂತು ತೀರಲಾರದು. ಆದಕಾರಣ ಸಾಲವು ಅಲ್ಪವಾಗಿರಲಿ. ಅನ್ನ ಕೊಡುವ ಹೊಲವನ್ನು ಪೂರ್ತಿಯಾಗಿ ಮಾರಬೇಡಿರಿ.

2. ಕಟ್ಟಡದ ಭದ್ರತೆ

ಲಾಭ ಸಾಲದೆಂದು ಅಂತಸ್ತಿನ ಮೇಲೆ ಅಂತಸ್ತು ಏರಿಸುವ ಆಸೆ ಹುಟ್ಟುವದು. 2019ನೆಯ ಇಸವಿಯ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಲಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. ಅಡಿಪಾಯವು ಎಷ್ಟು ಭಾರವನ್ನು ಹೊರುವದೆಂದು ಬಲ್ಲವನಾದ ಇಂಜಿನಿಯರನಿಂದ ತಿಳಿಯದೆ, ಮಹಾನಗರಪಾಲಿಕೆಯ ಪರವಾನಿಗೆ ಇಲ್ಲದೆ, ಒಂದು ಕೋಣೆಯನ್ನಾದರೂ ಮೇಲೆ ಕಟ್ಟಬಾರದು. ಬಾಡಿಗೆದಾರನು ಗೋಡೆಯ ಬಣ್ಣವನ್ನು ನೋಡಬಲ್ಲನು, ಅಡಿಪಾಯವನ್ನು ನೋಡಲಾರನು. ಅದನ್ನು ಒಡೆಯನ ಮೇಲಿನ ಭರವಸೆಯಿಂದಲೇ ಒಪ್ಪಿಕೊಂಡು ಅವನು ಅಲ್ಲಿ ಮಲಗುತ್ತಾನೆ.

3. ನೀರು ಮತ್ತು ದುರಸ್ತಿ

ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆಯ ನೀರು ಧಾರವಾಡಕ್ಕೆ ಬರುತ್ತದೆ. ಅನೇಕ ವರ್ಷಗಳ ವರೆಗೆ ಊರಿನ ಬಹುಭಾಗಕ್ಕೆ ನಳದ ನೀರು ಕೆಲವು ದಿನಗಳಿಗೊಮ್ಮೆ ಮಾತ್ರ ಬಂದದ್ದರಿಂದ, ಇಲ್ಲಿ ಕೋಣೆಯ ಬೆಲೆಯು ಟಾಕಿಯ ಮೇಲೆ ನಿಂತದೆ ಎಂದರೂ ಸಲ್ಲುವದು. ಒಡೆಯನು ಟಾಕಿಯನ್ನು ಸಾಕಷ್ಟು ದೊಡ್ಡದಾಗಿ ಕಟ್ಟಿಸಿ, ಅದನ್ನು ಆಗಾಗ್ಗೆ ತೊಳಿಸಬೇಕು. ಮುಂಗಾರಿಗೆ ಮುಂಚೆ ಮಾಳಿಗೆಯನ್ನು ತಾನೇ ಹತ್ತಿ ನೋಡಿ ಬಿರುಕುಗಳನ್ನು ಮುಚ್ಚಿಸಬೇಕು. ವಿದ್ಯುತ್ತಿನ ತಂತಿಗಳನ್ನೂ ಪಾಯಖಾನೆಯ ಕೊಳವೆಗಳನ್ನೂ ಪರೀಕ್ಷಿಸಬೇಕು. ಮೇ ತಿಂಗಳಲ್ಲಿ ಮುಚ್ಚದೆ ಬಿಟ್ಟ ಬಿರುಕು ಜುಲೈ ತಿಂಗಳಲ್ಲಿ ಗೋಡೆಯನ್ನೇ ತೋಯಿಸುವದು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಒಡೆಯನು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದೆಹೋದರೆ ಬಾಡಿಗೆದಾರನು ಅದನ್ನು ತಾನೇ ಮಾಡಿಸಿ, ಆ ವೆಚ್ಚವನ್ನು ಬಾಡಿಗೆಯಿಂದ ಕಳೆಯಬಹುದು.

4. ಕರಾರು ಮತ್ತು ಪಾವತಿ

ಬಾಯಿಮಾತು ಜಗಳಕ್ಕೆ ಬೀಜ. ಬಾಡಿಗೆ ಎಷ್ಟು, ಯಾವ ತಾರೀಖಿಗೆ, ಮುಂಗಡವೆಷ್ಟು, ಯಾವ ಕಾರಣಕ್ಕಾಗಿ ಅದರಲ್ಲಿ ಹಿಡಿಯಬಹುದು, ನೀರಿನ ಮತ್ತು ವಿದ್ಯುತ್ತಿನ ಹಣ ಯಾರದು ಎಂಬಿವೆಲ್ಲ ಕರಾರುಪತ್ರದಲ್ಲಿ ಬರೆಯಲ್ಪಡಲಿ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಬಾಡಿಗೆಪತ್ರವನ್ನು ನೋಂದಣಿ ಮಾಡಿಸಲೇಬೇಕು. ಹನ್ನೊಂದು ತಿಂಗಳಿಗೆ ಪತ್ರ ಬರೆಯುವ ರೂಢಿಯು ಇದರಿಂದ ಬಂದದ್ದು. ಹಣ ಮುಟ್ಟಿದೊಡನೆ ಪಾವತಿ ಕೊಡಿರಿ. ಒಳಗೆ ಬರುವ ದಿನ ಇಬ್ಬರೂ ಕೂಡಿ ಕೋಣೆಯನ್ನು ನೋಡಿ, ಇರುವ ಕುಂದುಗಳನ್ನು ಬರೆದುಕೊಳ್ಳುವದು ಒಳ್ಳೇದು. ಹಾಗೆ ಮಾಡಿದರೆ ಬಿಡುವ ದಿನ ಹಳೆಯ ಬಿರುಕಿಗಾಗಿ ಹೊಸಬನ ಮುಂಗಡವನ್ನು ಹಿಡಿಯುವ ಅನ್ಯಾಯವು ನಡೆಯದು. ಬಾಡಿಗೆ ಬಾರದಿದ್ದರೆ ಮೊದಲು ಕಾರಣವನ್ನು ಕೇಳಿರಿ. ಆಮೇಲೆ ಬರವಣಿಗೆಯಿಂದ ತಿಳಿಸಿರಿ. ಕಡೆಯ ದಾರಿ ನ್ಯಾಯಾಲಯವು. ಬೀಗ ಜಡಿದು, ಪುಸ್ತಕಗಳನ್ನು ಹೊರಗೆ ಹಾಕುವದು ಯಾರಿಗೂ ತಕ್ಕದ್ದಲ್ಲ.

5. ಬಾಗಿಲಲ್ಲಿ ಕೇಳುವ ಪ್ರಶ್ನೆ

"ನಿಮ್ಮದು ಯಾವ ಜಾತಿ?" ಎಂಬ ಪ್ರಶ್ನೆಯನ್ನು ಪಟ್ಟಣದ ಬಾಗಿಲುಗಳಲ್ಲಿ ಕೇಳಿಸಿಕೊಂಡು, ಚೀಲವನ್ನು ಹೊತ್ತುಕೊಂಡು ಹಿಂದಿರುಗಿದವರು ನಮ್ಮೊಳಗೆ ಇದ್ದಾರೆ. ನಾಳೆ ನಾವೇ ಬಾಗಿಲ ಒಳಗೆ ನಿಂತಾಗ ಆ ಪ್ರಶ್ನೆಯು ನಮ್ಮ ಬಾಯಿಂದ ಹೊರಡಬಾರದು. ಬಂದವನ ಗುರುತಿನ ಪತ್ರವನ್ನೂ ಅವನು ಓದುವ ಸ್ಥಳವನ್ನೂ ವಿಚಾರಿಸುವದು ಜಾಣತನ. ಅವನ ಹುಟ್ಟನ್ನು ವಿಚಾರಿಸುವದು ಕ್ರೂರತನ.

ಕಡೆಯದಾಗಿ, ದೂರದ ಹಳ್ಳಿಯಲ್ಲಿದ್ದು ತಿಂಗಳಿಗೊಮ್ಮೆಯಾದರೂ ಬಂದು ನೋಡಲು ಆಗದವನು, ನಂಬಿಗಸ್ತನಾದ ಮೇಲ್ವಿಚಾರಕನೂ ಇಲ್ಲದವನು, ಈ ಕೆಲಸಕ್ಕೆ ಕೈ ಹಾಕದಿರುವದೇ ಲೇಸು. ಬಾಡಿಗೆಯು ಗೋಡೆಗಳಿಗೆ ಸಲ್ಲುವ ಹಣವಲ್ಲ, ಗೋಡೆಗಳ ಒಳಗೆ ಒಬ್ಬನು ನೆಮ್ಮದಿಯಾಗಿ ಇರುವಂತೆ ನೋಡಿಕೊಂಡದ್ದಕ್ಕೆ ಸಲ್ಲುವ ಕೂಲಿ.

ಅಭ್ಯಾಸದ ಪ್ರಶ್ನೆಗಳು

1. ಮೇಲಿನ ಲೆಕ್ಕದಲ್ಲಿ ಪ್ರತಿ ಕೋಣೆಯು ಎರಡು ತಿಂಗಳು ಬರಿದಾಗಿದ್ದರೆ ಬಡ್ಡಿ ಕೊಡಲು ಹಣ ಸಾಲುವದೋ?
2. ಮುಂಗಾರಿಗೆ ಮುಂಚೆ ಒಡೆಯನು ನೋಡತಕ್ಕ ಮೂರು ಸಂಗತಿಗಳು ಯಾವವು?
3. ಕರಾರುಪತ್ರದಲ್ಲಿ ಯಾವ ಯಾವ ವಿಷಯಗಳು ಇರಬೇಕು?
4. ನಿಮ್ಮ ಮಗನೋ ಮಗಳೋ ಬಾಡಿಗೆಗೆ ಇರುವ ಕೋಣೆಯ ಒಡೆಯನು ಹೇಗಿರಬೇಕೆಂದು ನೀವು ಬಯಸುತ್ತೀರಿ?