ಮಕ್ಕಳ ಬಟ್ಟೆಗಳ ಕಲೆಗಳೂ ಅವುಗಳನ್ನು ತೆಗೆಯುವ ಕ್ರಮವೂ



ಗೃಹಕೃತ್ಯದ ತರಗತಿಯಲ್ಲಿ ಬಟ್ಟೆ ಒಗೆಯುವ ಪಾಠವು ಬಂದಾಗ, ಮನೆಯಲ್ಲಿ ಯಾರಿಂದಲೂ ಹೋಗದ ಕಲೆಯುಳ್ಳ ಒಂದೊಂದು ಬಟ್ಟೆಯನ್ನು ತರಬೇಕೆಂದು ನಾವು ಮಕ್ಕಳಿಗೆ ಹೇಳುವದುಂಟು. ಒಮ್ಮೆ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ತನ್ನ ತಂಗಿಯ ಬಿಳಿಯ ಫ್ರಾಕನ್ನು ತಂದಳು. ಎದೆಯ ಮೇಲೆಯೂ ಮಡಿಲಿನ ಮೇಲೆಯೂ ನೇರಳೆಹಣ್ಣಿನ ಕಲೆ. ಚಿಕ್ಕವಳು ತಾಯಿಯ ಪೆಟ್ಟಿಗೆ ಹೆದರಿ ಆ ಫ್ರಾಕನ್ನು ಮುದುರಿ ಸೌದೆಯ ರಾಶಿಯ ಹಿಂದೆ ಅಡಗಿಸಿಟ್ಟಿದ್ದಳಂತೆ. ಹನ್ನೊಂದು ದಿನಗಳ ತರುವಾಯ ಅದು ಸಿಕ್ಕಿತು. ತಾಯಿಯು ಕೋಪದಲ್ಲಿ ಸಾಬೂನು ತಿಕ್ಕಿ, ಕುದಿಯುವ ನೀರಿನಲ್ಲಿ ಅದ್ದಿ, ಒಣಗಿಸಿ, ಅದರ ಮೇಲೆ ಇಸ್ತ್ರಿಯನ್ನೂ ಹಾಕಿದ್ದರು. ಕೆನ್ನೇರಳೆಯಾಗಿದ್ದ ಕಲೆಯು ಬೂದುನೀಲಿಯಾಗಿ ನೂಲಿನೊಳಗೆ ಕುಳಿತುಬಿಟ್ಟಿತ್ತು. ಹಣ್ಣಿನ ರಸ ಬಿದ್ದ ಗಳಿಗೆಯಲ್ಲಿಯೇ ಅದು ಬಾವಿಕಟ್ಟೆಗೆ ಬಂದಿದ್ದರೆ ಎರಡು ಕೊಡ ನೀರಿನಲ್ಲಿ ಮುಗಿಯಬಹುದಾಗಿದ್ದ ಕೆಲಸವದು.

ಅಂದಿನಿಂದ ನಾವು ಈ ಪಾಠವನ್ನು ಸಾಬೂನಿನ ಮಾತಿನಿಂದ ಆರಂಭಿಸದೆ ಪೆಟ್ಟಿನ ಮಾತಿನಿಂದ ಆರಂಭಿಸುತ್ತಾ ಬಂದಿದ್ದೇವೆ. ಕಲೆಯಲ್ಲಿ ಹುಟ್ಟಿನಿಂದಲೇ ಹಟಮಾರಿಯಾದದ್ದು ಬಹು ಕಡಿಮೆ. ಬಹುತೇಕ ಕಲೆಗಳನ್ನು ಹಟಮಾರಿ ಮಾಡುವವರು ನಾವೇ. ಹೊತ್ತು ಕಳೆದಷ್ಟು ಗಾಳಿಯು ಅವುಗಳನ್ನು ಗಟ್ಟಿಮಾಡುತ್ತದೆ. ಶಾಖವು ಬೆಸುಗೆ ಹಾಕುತ್ತದೆ. ತಿಳಿಯದೆ ಹಾಕಿದ ಸಾಬೂನು ಕೆಲವನ್ನು ಬಣ್ಣದಂತೆ ಹಿಡಿಸಿಬಿಡುತ್ತದೆ. ಹೆದರಿದ ಮಗುವು ಮುಚ್ಚಿಡುವದರಿಂದ ಇವೆಲ್ಲಕ್ಕೂ ಅವಕಾಶವಾಗುತ್ತದೆ. ಆದಕಾರಣ, ಆದದ್ದನ್ನು ಬಂದು ಹೇಳಿದ ಮಗುವಿಗೆ ಬೈಗಳಿಲ್ಲ, ಪೆಟ್ಟಿಲ್ಲ ಎಂಬ ನಿಯಮವು ಮನೆಯಲ್ಲಿದ್ದರೆ ಅರ್ಧ ಕಲೆ ಅಲ್ಲಿಯೇ ಹೋಯಿತೆಂದು ತಿಳಿಯಬಹುದು.

ಇನ್ನು ಕಲೆಯ ಜಾತಿಯನ್ನು ಅರಿಯಬೇಕು. ನಮ್ಮ ಹಿರಿಯರು ಎಲ್ಲವನ್ನೂ ಕಲೆಯೆಂದು ಒಂದೇ ಹೆಸರಿನಿಂದ ಕರೆಯಲಿಲ್ಲ. ಬಾಳೆಯದು ಕರೆ, ಮಾವಿನದು ಸೊನೆ, ಅಡಿಕೆಯದು ಚೊಗರು, ಎಣ್ಣೆಯದು ಜಿಡ್ಡು, ಮಳೆಗಾಲದ್ದು ಬೂಷ್ಟು. ಹೆಸರು ಬೇರೆಯಾದಂತೆ ಉಪಾಯವೂ ಬೇರೆ.

ಚೊಗರಿನ ಪದಾರ್ಥಗಳಲ್ಲಿ ಟ್ಯಾನಿನ್ ಎಂಬ ವಸ್ತುವಿದೆ. ಚಹಾ, ಅಡಿಕೆ, ದಾಳಿಂಬೆಯ ಸಿಪ್ಪೆ, ಗೇರುಹಣ್ಣು ಇವೆಲ್ಲವೂ ಈ ಗುಂಪಿಗೆ ಸೇರಿದವು. ಇವುಗಳ ಮೇಲೆ ಮೊದಲೇ ಸಾಬೂನಿನ ಬಿಲ್ಲೆಯನ್ನು ತಿಕ್ಕುವದು ದೊಡ್ಡ ತಪ್ಪು; ಕಲೆ ಇನ್ನೂ ಗಟ್ಟಿಯಾಗುತ್ತದೆ. ಮೊದಲು ಬರೀ ತಣ್ಣೀರಿನಲ್ಲಿ, ಬಟ್ಟೆಯ ಹಿಂಬದಿಯಿಂದ, ಧಾರೆಯಾಗಿ ಹೊಯ್ದು ತೊಳೆಯತಕ್ಕದ್ದು. ಹಿಂಬದಿಯಿಂದ ಯಾಕಂದರೆ, ಮುಂಬದಿಯಿಂದ ಹೊಯ್ದ ನೀರು ಬಣ್ಣವನ್ನು ನೂಲಿನ ಆಳಕ್ಕೆ ದೂಡುತ್ತದೆ. ತರುವಾಯ ಲಿಂಬೆರಸವನ್ನಾಗಲಿ ವಿನಿಗರನ್ನಾಗಲಿ ನೀರು ಬೆರಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಜಾಲಿಸಿ, ಆಮೇಲೆ ಸಾಬೂನಿಗೆ ಹಾಕಬಹುದು. ಹಣ್ಣಿನ ಹೊಸ ಕಲೆಯು ಬಿಳಿಯ ಹತ್ತಿಬಟ್ಟೆಯ ಮೇಲಿದ್ದರೆ, ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ ಒಂದಡಿ ಎತ್ತರದಿಂದ ಕುದಿನೀರನ್ನು ಸುರಿಯುವ ಹಳೆಯ ಕ್ರಮವೂ ಒಳ್ಳೆಯದೇ. ಆದರೆ ಅದನ್ನು ದೊಡ್ಡವರೇ ಮಾಡಬೇಕು, ಮಕ್ಕಳನ್ನು ಅಡಿಗೆಮನೆಯಿಂದ ಹೊರಗಿಟ್ಟು.

ಇಲ್ಲಿ ಒಂದು ಎಚ್ಚರಿಕೆ. ಚೊಗರಿನ ಕಲೆಯುಳ್ಳ ಬಟ್ಟೆಯನ್ನು ತುಕ್ಕು ಹಿಡಿದ ಕಬ್ಬಿಣದ ಬಕೀಟಿನಲ್ಲಿ ನೆನೆಹಾಕಬಾರದು. ಹಿಂದಿನ ಕಾಲದಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಸೇರಿಸಿ ಬರೆಯುವ ಮಸಿಯನ್ನು ಮಾಡುತ್ತಿದ್ದರು. ಅಳಲೆಯಲ್ಲಿರುವದು ಟ್ಯಾನಿನ್, ಅನ್ನಭೇದಿಯಲ್ಲಿರುವದು ಕಬ್ಬಿಣ. ಚಹಾದ ಕಲೆಯನ್ನು ತುಕ್ಕಿನ ಬಕೀಟಿಗೆ ಹಾಕಿದವರು ತಿಳಿಯದೆಯೇ ಮಸಿಯನ್ನು ಕಾಯಿಸಿದಂತಾಗುತ್ತದೆ.

ಬಾಳೆಯ ಕರೆಯು ಕರಾವಳಿಯ ತಾಯಂದಿರನ್ನು ಎಲ್ಲಕ್ಕಿಂತ ಹೆಚ್ಚಾಗಿ ಅಳಿಸಿದೆ. ಇದರ ಮೋಸವೇನಂದರೆ, ದಿಂಡಿನಿಂದ ಒಸರುವಾಗ ಇದು ನೀರಿನಂತೆಯೇ ಕಾಣುತ್ತದೆ. ಎಲೆ ಕೊಯ್ಯಲು ಹೋದ ಮಗುವಿನ ಅಂಗಿಯ ಮೇಲೆ ಬಿದ್ದದ್ದು ಯಾರಿಗೂ ಕಾಣಿಸದು. ಗಾಳಿ ತಗಲಿದ ಬಳಿಕ ಕಂದುಬಣ್ಣಕ್ಕೆ ತಿರುಗುತ್ತದೆ, ಆಗ ತಡವಾಗಿರುತ್ತದೆ. ಆದಕಾರಣ ತೋಟದಿಂದ ಬಂದ ಮಗುವಿನ ಬಟ್ಟೆಯನ್ನು, ಕಲೆ ಕಾಣಲಿ ಕಾಣದಿರಲಿ, ಕೂಡಲೇ ನೀರಿಗೆ ಹಾಕುವದು ಜಾಣತನ. ತೋಟದ ಕೆಲಸಕ್ಕೆಂದು ಒಂದು ಹಳೆಯ ಅಂಗಿಯನ್ನು ಬೇರೆಯೇ ಇಡುವದು ಅದಕ್ಕಿಂತಲೂ ಜಾಣತನವೆಂದು ನಮ್ಮ ಅಭಿಪ್ರಾಯ. ಕಂದಾದ ಕರೆಯು ಬಿಳಿಯ ಹತ್ತಿಯ ಮೇಲಿದ್ದರೆ, ಆಕ್ಸಿಜನ್ ಬ್ಲೀಚು ಎಂಬ ಹೆಸರಿನಿಂದ ಅಂಗಡಿಯಲ್ಲಿ ಸಿಗುವ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಕೆಲವು ಗಂಟೆ ನೆನೆಸಿದರೆ ಮಸುಕಾದೀತು. ಪೂರ್ತಿ ಹೋಗುವದೆಂದು ನಾವು ಮಾತು ಕೊಡಲಾರೆವು.

ಅರಿಸಿನದ ಕಲೆಯನ್ನು ನಾವು ಪಾಠದಲ್ಲಿ ಸಂತೋಷದಿಂದ ತೋರಿಸುತ್ತೇವೆ, ಯಾಕಂದರೆ ಅದರಲ್ಲಿ ಮಕ್ಕಳು ಕಣ್ಣಾರೆ ರಸಾಯನಶಾಸ್ತ್ರವನ್ನು ನೋಡುತ್ತಾರೆ. ಸಾರು ಚೆಲ್ಲಿದ ಅಂಗಿಗೆ ಸಾಬೂನು ತಿಕ್ಕಿದೊಡನೆ ಹಳದಿಯು ರಕ್ತದಂತೆ ಕೆಂಪಾಗುತ್ತದೆ, ಹುಡುಗಿಯರು ಬೆಚ್ಚಿಬೀಳುತ್ತಾರೆ. ಹೆದರಬೇಕಾದದ್ದೇನೂ ಇಲ್ಲ. ಅರಿಸಿನಕ್ಕೆ ಸುಣ್ಣ ಬೆರಸಿ ಕುಂಕುಮವನ್ನು ಮಾಡುವದೂ ಇದೇ ಗುಣದಿಂದಲೇ. ಕ್ಷಾರವು ತಗಲಿದರೆ ಅದು ಕೆಂಪಾಗುತ್ತದೆ, ಜಾಲಿಸಿ ಲಿಂಬೆರಸ ಹಾಕಿದರೆ ಮತ್ತೆ ಹಳದಿಯಾಗುತ್ತದೆ. ಈ ಬಣ್ಣವು ನೀರಿನಲ್ಲಿ ಕರಗುವದಿಲ್ಲ, ಆದರೆ ಬಿಸಿಲನ್ನು ತಾಳಲಾರದು. ಸಾಬೂನಿನಿಂದ ಒಗೆದು ಒದ್ದೆಯಾಗಿರುವಾಗಲೇ ಕಲೆಯ ಭಾಗವನ್ನು ಸೂರ್ಯನಿಗೆ ಎದುರಾಗಿ ಹರಡಿದರೆ ಒಂದೆರಡು ದಿನಗಳಲ್ಲಿ ಬಿಸಿಲೇ ಅದನ್ನು ಅಳಿಸುತ್ತದೆ. ಮಳೆಗಾಲದಲ್ಲಿ ಅರಿಸಿನದ ಕಲೆಯಾದರೆ ಬಿಸಿಲು ಬರುವ ತನಕ ಇಸ್ತ್ರಿ ಹಾಕದೆ ಕಾದುಕೊಳ್ಳಿರಿ. ನೇರಳೆಯ ರಸವೂ ಹೀಗೆಯೇ ಬಣ್ಣ ಬದಲಿಸುತ್ತದೆ. ಮೇಲೆ ಹೇಳಿದ ಫ್ರಾಕು ಬೂದುನೀಲಿಯಾದದ್ದು ತಾಯಿಯು ತಿಕ್ಕಿದ ಸಾಬೂನಿನ ಕ್ಷಾರದಿಂದ.

ಇನ್ನು ಹಾಲು, ಮೊಟ್ಟೆ, ರಕ್ತ ಇವು ಬೇರೊಂದು ಕುಲ. ಮೊಟ್ಟೆಯನ್ನು ಕುದಿನೀರಿಗೆ ಹಾಕಿದರೆ ಏನಾಗುವದೆಂದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ರಕ್ತಕ್ಕೂ ಅದೇ ಗತಿ. ಅದರಲ್ಲಿರುವ ಪ್ರೋಟೀನು ಬಿಸಿಯಲ್ಲಿ ಹೆಪ್ಪುಗಟ್ಟಿ ನೂಲನ್ನು ಹಿಡಿಯುತ್ತದೆ. ನಾವು ಈ ಕೆಲಸಕ್ಕೆ ಹೊಸಬರಾಗಿದ್ದಾಗ, ಬಿದ್ದು ಮೊಣಕಾಲು ಒಡೆದುಕೊಂಡ ಹುಡುಗಿಯ ಲಂಗವನ್ನು ಒಳ್ಳೆಯದೆಂದು ತಿಳಿದು ಬಿಸಿನೀರಿನಲ್ಲಿ ಒಗೆದು, ಅಳಿಯದ ಕಂದುಕಲೆಯೊಡನೆ ಹಿಂದಕ್ಕೆ ಕೊಟ್ಟೆವು. ಆ ನಾಚಿಕೆ ಇನ್ನೂ ಮರೆತಿಲ್ಲ. ತಣ್ಣೀರು, ಅದರಲ್ಲಿ ಒಂದಿಷ್ಟು ಉಪ್ಪು, ಅರ್ಧ ಗಂಟೆ ನೆನೆಸುವದು, ನೀರು ಬದಲಿಸುವದು: ಇಷ್ಟರಿಂದ ಹೊಸ ರಕ್ತದ ಕಲೆಯು ಬಹಳ ಮಟ್ಟಿಗೆ ಹೋಗುತ್ತದೆ. ಒಣಗಿದ್ದಾದರೆ, ಬಿಳಿಯ ಹತ್ತಿಯ ಮೇಲೆ ಔಷಧದ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ಹಾಕಬಹುದು. ನೊರೆ ಬಂದರೆ ಕೆಲಸ ನಡೆಯುತ್ತಿದೆಯೆಂದರ್ಥ. ಬಣ್ಣದ ಬಟ್ಟೆಯಾದರೆ ಮೊದಲು ಒಳಹೊಲಿಗೆಯ ಅಂಚಿನಲ್ಲಿ ಹಾಕಿ ನೋಡಬೇಕು.

ಈ ಸಂದರ್ಭದಲ್ಲಿ ತಾಯಂದಿರಿಗೆ ಮರೆಮಾಚದೆ ಒಂದು ಮಾತನ್ನು ಹೇಳಬೇಕಾಗಿದೆ. ಮುಟ್ಟು ಆರಂಭವಾಗುವ ವಯಸ್ಸಿನ ಹುಡುಗಿಯರು ಲಂಗದ ಮೇಲಾದ ಕಲೆಯನ್ನು ಕಂಡು ಕಳ್ಳತನ ಮಾಡಿದವರಂತೆ ಅವಿತುಕೊಳ್ಳುವದನ್ನೂ, ಸಂಜೆಯ ತನಕ ಬೆಂಚಿನಿಂದ ಏಳದಿರುವದನ್ನೂ, ಮರುದಿನ ಶಾಲೆಗೇ ಬಾರದಿರುವದನ್ನೂ ನಾವು ನೋಡಿದ್ದೇವೆ. ಹತ್ತು ವರ್ಷ ತುಂಬಿದ ಮಗಳಿಗೆ ಮುಂಚಿತವಾಗಿಯೇ ವಿಷಯವನ್ನು ತಿಳಿಸಿರಿ. ಅವಳ ಚೀಲದಲ್ಲಿ ಬೇಕಾದ ಬಟ್ಟೆಯನ್ನೋ ಪ್ಯಾಡನ್ನೋ ಇಡಿರಿ, ತಣ್ಣೀರಿನಲ್ಲಿ ಒಗೆಯುವ ಕ್ರಮವನ್ನು ಅವಳಿಗೇ ಕಲಿಸಿರಿ. ಒಗೆದದ್ದನ್ನು ಕತ್ತಲೆಯ ಮೂಲೆಯಲ್ಲಿ ಒಣಗಿಸಹೇಳಬೇಡಿರಿ. ಅದಕ್ಕೂ ಬಿಸಿಲೇ ಬೇಕು. ಅದು ಕೈಗೆ ಗಾಯವಾದಾಗಿನ ರಕ್ತದ ಕಲೆಯಂತೆಯೇ ಒಂದು ಕಲೆ, ಅದಕ್ಕಿಂತ ಹೆಚ್ಚಿನದೇನಲ್ಲ.

ಹಾಲು ಕಕ್ಕುವ ಕೂಸಿನ ಅಂಗಿಗಳಿಗೆ ಎಂಜೈಮು ಸೇರಿಸಿದ ಒಗೆಯುವ ಪುಡಿಯು ಉಪಯುಕ್ತ. ಪ್ರೋಟೀನನ್ನು ಜೀರ್ಣಿಸುವ ಈ ವಸ್ತುವನ್ನು ಬಟ್ಟೆ ಒಗೆಯಲು ಬಳಸುವ ಹಕ್ಕುಪತ್ರವನ್ನು ಜರ್ಮನಿಯ ಒಟ್ಟೋ ರೋಮ್ ಎಂಬವರು 1913ರಲ್ಲಿಯೇ ಪಡೆದಿದ್ದರು. ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ, ಬಳಿಕ ಎರಡು ಮೂರು ಸಲ ಜಾಲಿಸಬೇಕು, ಯಾಕಂದರೆ ಕೂಸಿನ ಚರ್ಮ ಸೂಕ್ಷ್ಮ. ರೇಶ್ಮೆಗೂ ಉಣ್ಣೆಗೂ ಇದು ಸಲ್ಲದು; ಅವೂ ಪ್ರೋಟೀನಿನಿಂದಲೇ ಆದವು, ಕಲೆಯೊಂದಿಗೆ ಬಟ್ಟೆಯೂ ಸವೆದೀತು.

ಎಣ್ಣೆಯ ಜಿಡ್ಡಿನ ಮೇಲೆ ಕಡಲೆಹಿಟ್ಟನ್ನು ಉದುರಿಸಿ, ಅದು ಹೀರಿಕೊಂಡ ಬಳಿಕ ಕೊಡಹಿ, ಪಾತ್ರೆ ತೊಳೆಯುವ ದ್ರವವನ್ನಾಗಲಿ ಅಂಟುವಾಳದ ನೊರೆಯನ್ನಾಗಲಿ ಹಚ್ಚಿ ಬಿಸಿನೀರಿನಲ್ಲಿ ಒಗೆದರೆ ಸಾಕು. ಸೈಕಲಿನ ಸರಪಳಿಯ ಕರಿಯನ್ನು ಮೊದಲು ತೆಂಗಿನೆಣ್ಣೆಯಿಂದ ಸಡಿಲಿಸಿ ಆಮೇಲೆ ಇದೇ ಕ್ರಮ. ಕೆಮ್ಮಣ್ಣಿನ ಕೆಸರನ್ನು ಒದ್ದೆಯಾಗಿರುವಾಗ ಮುಟ್ಟಬೇಡಿರಿ. ಒಣಗಿದ ಮೇಲೆ ಬ್ರಶ್ಶಿನಿಂದ ಉದುರಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಕಾಯಬೇಕಾದ ಕಲೆಯು ಇದೊಂದೇ. ಬಾಲ್‌ಪೆನ್ನಿನ ಗೆರೆಗೆ ಅಡಿಯಲ್ಲಿ ಹಳೆಯ ಬಟ್ಟೆಯನ್ನಿಟ್ಟು, ಕೈಗೆ ಹಚ್ಚುವ ಸ್ಯಾನಿಟೈಸರನ್ನೋ ಸ್ಪಿರಿಟನ್ನೋ ಹತ್ತಿಯಿಂದ ಒತ್ತಬೇಕು, ಉಜ್ಜಬಾರದು. ಉಜ್ಜಿದರೆ ಗೆರೆಯು ಕೆರೆಯಾಗುತ್ತದೆ. ತುಕ್ಕಿನ ಕಲೆಗೆ ಲಿಂಬೆರಸವೂ ಉಪ್ಪೂ ಬಿಸಿಲೂ ಸಾಕು.

ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ನಾವು ಸ್ವಲ್ಪ ಕಠಿಣವಾಗಿ ಮಾತಾಡಬೇಕಾಗುತ್ತದೆ. 1799ರಲ್ಲಿ ಚಾರ್ಲ್ಸ್ ಟೆನ್ನಂಟ್ ಎಂಬವರು ಇದರ ಹಕ್ಕನ್ನು ಪಡೆದಂದಿನಿಂದ ಮಳೆಗಾಲದ ಬೂಷ್ಟಿನ ಕರಿಚುಕ್ಕೆಗಳಿಗೆ, ಬಿಳಿಯ ಹತ್ತಿಯ ಮಟ್ಟಿಗೆ, ಇದಕ್ಕೆ ಸಮಾನವಾದದ್ದು ಕಡಿಮೆ. ಆದರೆ ಒಂದು ಉಪಾಯ ಫಲಿಸದೆ ಹೋದೊಡನೆ ಅದರ ಮೇಲೆಯೇ ಮತ್ತೊಂದನ್ನು ಸುರಿಯುವ ಅಭ್ಯಾಸ ಅನೇಕರಿಗಿದೆ. ಬ್ಲೀಚಿಗೆ ಲಿಂಬೆರಸ, ವಿನಿಗರು, ಶೌಚಾಲಯ ತೊಳೆಯುವ ಆಮ್ಲ ಇವುಗಳಲ್ಲಿ ಯಾವದು ಸೇರಿದರೂ ಕ್ಲೋರಿನ್ ಎಂಬ ವಿಷವಾಯು ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ. ಒಂದು ಉಪಾಯವನ್ನು ಮಾಡಿದ ಮೇಲೆ ಬಟ್ಟೆಯನ್ನು ಚೆನ್ನಾಗಿ ಜಾಲಿಸದೆ ಇನ್ನೊಂದನ್ನು ಮುಟ್ಟಲೇಬಾರದು. ಹಾಗೆಯೇ ಸೀಮೆಎಣ್ಣೆ, ಸ್ಪಿರಿಟು, ಬ್ಲೀಚು ಇವುಗಳನ್ನು ಕುಡಿಯುವ ಪಾನಕದ ಖಾಲಿ ಬಾಟಲಿಗಳಲ್ಲಿ ತುಂಬಿಡಬೇಡಿರಿ. ಬಾಯಾರಿ ಆಟದಿಂದ ಓಡಿಬಂದ ಮಗುವು ಬಾಟಲಿಯನ್ನು ನೋಡುತ್ತದೆ, ಒಳಗಿರುವದನ್ನು ನೋಡುವದಿಲ್ಲ. ಒಂದು ಅಂಗಿಯ ಬೆಲೆಯು ಎಷ್ಟೇ ಇರಲಿ, ಅದಕ್ಕಾಗಿ ಇಂಥ ಗಂಡಾಂತರವನ್ನು ಮನೆಯಲ್ಲಿ ಸಾಕಿಕೊಳ್ಳುವದು ಯೋಗ್ಯವಲ್ಲ.

ಎಂದಿಗೂ ಹೋಗದ ಕಲೆಯೂ ಉಂಟು. ಕರಿಗೇರಿನ ಕಾಯಿಯ ರಸಕ್ಕೆ ಸುಣ್ಣವನ್ನು ಸೇರಿಸಿ ಮಡಿವಾಳರು ಬಟ್ಟೆಗಳ ಮೂಲೆಯಲ್ಲಿ ಗುರುತು ಹಾಕುತ್ತಿದ್ದರು. ನೂರು ಒಗೆತಕ್ಕೂ ಅಳಿಯದ್ದರಿಂದಲೇ ಅವರು ಅದನ್ನು ಆರಿಸಿಕೊಂಡದ್ದು. ಆ ರಸವು ಚರ್ಮಕ್ಕೆ ತಗಲಿದರೆ ಬೊಬ್ಬೆಯೇಳುತ್ತದಾದ್ದರಿಂದ ಮಕ್ಕಳನ್ನು ಅದರ ಬಳಿಗೆ ಬಿಡಬಾರದು. ಅಂಥ ಕಲೆಗಳೊಡನೆ ಹೋರಾಡಿ ಬಟ್ಟೆಯನ್ನು ಹರಿಯುವದಕ್ಕಿಂತ ಸೂಜಿಯನ್ನು ಹಿಡಿಯುವದು ಮೇಲು. ನಮ್ಮ ಹೊಲಿಗೆಯ ತರಗತಿಯಲ್ಲಿ ಕುಳಿತವರಿಗೆ ಸರಪಳಿ ಹೊಲಿಗೆಯೂ ಲೇಜಿ ಡೇಜಿಯೂ ಕೈಬಿಟ್ಟಿರಲಾರವು.

ಆ ನೇರಳೆಯ ಫ್ರಾಕನ್ನು ನಾವು ಲಿಂಬೆರಸದಲ್ಲಿ ನೆನೆಸಿ, ಜಾಲಿಸಿ, ಮರುದಿನ ಬೆಚ್ಚನೆಯ ಆಕ್ಸಿಜನ್ ಬ್ಲೀಚಿನ ನೀರಿಗೆ ಹಾಕಿದೆವು. ಬಹಳಷ್ಟು ಹೋಯಿತು, ಎದೆಯ ಮೇಲಿನ ಮೂರು ಚುಕ್ಕೆಗಳು ಮಾತ್ರ ಉಳಿದವು. ಅಕ್ಕನು ತರಗತಿಯಲ್ಲಿಯೇ ಕುಳಿತು ಅವುಗಳ ಮೇಲೆ ನೀಲಿಯ ನೂಲಿನಿಂದ ಮೂರು ಹೂಗಳನ್ನು ಹೊಲಿದಳು. ಫ್ರಾಕು ಮನೆಗೆ ಹೋದ ಮೂರನೆಯ ದಿನ ಅವಳು ಮತ್ತೆ ನೀಲಿಯ ನೂಲನ್ನು ಕೇಳಿಕೊಂಡು ಬಂದಳು. ತಂಗಿಗೆ ಬೆನ್ನಿನ ಮೇಲೆಯೂ ಒಂದು ಹೂ ಬೇಕಂತೆ, ಅಲ್ಲಿ ಕಲೆಯೇ ಇರಲಿಲ್ಲ.