ಹಾಜರಿಯಲ್ಲಿ ಹೆಸರು ಉಳಿಯಲಿ

ಕಲಬುರಗಿಯ ತಾಜಸುಲ್ತಾನಪುರ ಮತ್ತು ಸುತ್ತಲಿನ ಬಡಾವಣೆಗಳಿಂದ ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಹುಡುಗರು ಹೆಚ್ಚಾಗಿ ಹದಿನಾಲ್ಕರಿಂದ ಹದಿನೇಳರ ವಯಸ್ಸಿನವರು. ಕೆಲವರಿಗೆ ಗಾಂಜಾ ಚಟ, ಕೆಲವರಿಗೆ ಸೇಂದಿ, ಇನ್ನು ಕೆಲವರಿಗೆ ಪಂಚರ್ ಅಂಗಡಿಯ ಸೊಲ್ಯೂಷನ್. ಚಿಕಿತ್ಸೆ ಶುರುವಾದ ಮೇಲೆ ಮನೆಯವರನ್ನು ಕಾಡುವುದು ಓದಿನ ಚಿಂತೆ. ಇಂಥ ಮಕ್ಕಳಿಗೆಂದೇ ಅಮೆರಿಕದಲ್ಲಿ ಪ್ರತ್ಯೇಕ ಹೈಸ್ಕೂಲುಗಳಿವೆ, ಕಲಬುರಗಿಯಲ್ಲಿಲ್ಲ. ಇರುವ ದಾರಿಗಳಲ್ಲೇ ಮಕ್ಕಳನ್ನು ನಡೆಸಿಕೊಂಡು ಬಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

1. "ಪೂರಾ ಆರಾಮ ಆಗ್ಲಿ ಸರ, ಆಮ್ಯಾಲ ಸಾಲಿಗಿ ಕಳಸ್ತೀವ್ರಿ" ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಚಟದ ಕಾಯಿಲೆ ಜ್ವರದಂತೆ ಒಂದು ದಿನ ಇಳಿದು ಹೋಗುವುದಿಲ್ಲ. ಶಾಲೆ ಬಿಟ್ಟ ಹುಡುಗ ಮನೆಯಲ್ಲಿ ಕೂರುವುದೂ ಇಲ್ಲ. ತೊಗರಿ ರಾಶಿಗೆ ಹೋಗುತ್ತಾನೆ, ಇಲ್ಲವೇ ಯಾರದೋ ಜೊತೆ ಪುಣೆಗೋ ಹೈದರಾಬಾದಿಗೋ ದುಡಿಯಲು ಹೊರಡುತ್ತಾನೆ. ಕೂಲಿ ರೊಕ್ಕ ಕೈಗೆ ಬಂದ ಸಂಜೆ ಅವನ ಪಕ್ಕದಲ್ಲಿ ಡಾಕ್ಟರೂ ಇಲ್ಲ, ಅವ್ವನೂ ಇಲ್ಲ. ದೇಹ ಸ್ಥಿಮಿತಕ್ಕೆ ಬಂದು ವೈದ್ಯರು ಸರಿ ಎಂದ ಕೂಡಲೇ, ಅರ್ಧ ದಿನವಾದರೂ ಸರಿ, ತರಗತಿಗೆ ಮರಳಬೇಕು.

2. ಹಾಜರಿಯಿಂದ ಹೆಸರು ಹೊಡೆಯುವ ಮುಂಚೆಯೇ ಮುಖ್ಯ ಶಿಕ್ಷಕರನ್ನು ಕಾಣಿ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಾತಿ ಬೇಕು. ಆಸ್ಪತ್ರೆಯಲ್ಲಿ ಕಳೆದ ವಾರಗಳು ಅದನ್ನು ತಿಂದುಹಾಕುತ್ತವೆ. ಇಲ್ಲಿಯ ಜಿಮ್ಸ್ ಆಸ್ಪತ್ರೆಯಾಗಲಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಆಗಲಿ, ಬಿಡುಗಡೆಯಾಗುವ ದಿನವೇ ವೈದ್ಯಕೀಯ ಪ್ರಮಾಣಪತ್ರ ಕೇಳಿ ಪಡೆಯಿರಿ. ಫೆಬ್ರುವರಿಯಲ್ಲಿ ಓಡಾಡಿದರೆ ತಡವಾಯಿತು. ಒಂದು ಸಮಾಧಾನವೆಂದರೆ, 2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ. ಮಾರ್ಚಿನಲ್ಲಿ ಎಲ್ಲಾ ವಿಷಯ ಆಗದಿದ್ದರೆ ವರ್ಷ ಮುಳುಗಿತು ಎಂದು ಹುಡುಗನೆದುರು ಅನ್ನಬೇಡಿ.

3. ಎಂಟನೇ ತರಗತಿಯವರೆಗೆ ಶಾಲೆ ಮಗುವನ್ನು ಹೊರಹಾಕುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತಿದು. ಒಂಬತ್ತರಿಂದ ಆ ರಕ್ಷಣೆ ಇಲ್ಲ, "ಟಿಸಿ ತಗೊಂಡ್ ಹೋಗ್ರಿ" ಅನ್ನುವುದು ಅಲ್ಲಿಂದಲೇ ಶುರು. ಆಗ ಸಿಟ್ಟಿನಲ್ಲಿ ಟಿಸಿ ತೆಗೆದುಕೊಂಡು ಬರಬೇಡಿ. ಮುಂದಿನ ಶಾಲೆಯಲ್ಲಿ ಸೀಟು ಗಟ್ಟಿಯಾದ ಮೇಲೆಯೇ ತನ್ನಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಹಾಕೋಣ ಎಂದು ಬಹಳ ಮಂದಿ ಬರುತ್ತಾರೆ. ಅಲ್ಲಿ ಪ್ರವೇಶ ಪರೀಕ್ಷೆ ಇರುವುದು ಆರನೇ ತರಗತಿಗೆ, ಈ ವಯಸ್ಸಿನಲ್ಲಿ ಅದನ್ನು ನೆಚ್ಚಬೇಡಿ.

4. ಓಪನ್ ಸ್ಕೂಲ್ ಒಳ್ಳೆಯ ದಾರಿ, ಆದರೆ ಅಪಾಯದ ದಾರಿಯೂ ಹೌದು. ಎನ್‌ಐಒಎಸ್‌ನಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಮುಗಿಸಲು ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದರೂ ನಡೆಯುತ್ತದೆ. ಏಕಾಗ್ರತೆ ಚದುರಿದ ಮಗುವಿಗೆ ಈ ಸಡಿಲು ವರವೇ. ಆದರೆ ದಿನವೆಲ್ಲ ಖಾಲಿ! ಬೆಳಿಗ್ಗೆ ಹತ್ತಕ್ಕೆ ಸ್ನಾನ ಮಾಡಿ ಹೋಗಲೊಂದು ಜಾಗವಿಲ್ಲದವನು ಹನ್ನೊಂದಕ್ಕೆ ಹಳೆಯ ಕಟ್ಟೆ ಸೇರುತ್ತಾನೆ. ಟ್ಯೂಷನ್ನೋ ಗ್ರಂಥಾಲಯವೋ, ದಿನವೂ ಹೋಗುವ ಜಾಗ ಗೊತ್ತುಮಾಡದೆ ಫಾರ್ಮ್ ತುಂಬಿಸಲು ನಾನು ಒಪ್ಪುವುದಿಲ್ಲ.

5. ಐಟಿಐ ಅಂದರೆ ಅರ್ಧ ಹುಡುಗರ ಕಣ್ಣು ಅರಳುತ್ತದೆ. 14 ತುಂಬಿರಬೇಕು, ವೆಲ್ಡರ್, ವೈರ್‌ಮನ್ ಥರದ ಕೆಲವು ಟ್ರೇಡ್‌ಗಳಿಗೆ ಎಂಟನೇ ಪಾಸಾಗಿದ್ದರೂ ಸಾಕು. ಕೈಕೆಲಸ ಮನಸ್ಸನ್ನು ಹಿಡಿದಿಡುತ್ತದೆ, ನಾನು ಕಂಡಿದ್ದೇನೆ. ಆದರೆ ಸೊಲ್ಯೂಷನ್, ಥಿನ್ನರ್ ಮೂಸಿದವನನ್ನು ಪೇಂಟರ್ ಟ್ರೇಡಿಗೆ ಹಾಕಬೇಡಿ. ಆ ವಾಸನೆಯೇ ಅವನನ್ನು ಕರೆಯುತ್ತದೆ. ಗ್ಯಾರೇಜು, ಪಂಚರ್ ಅಂಗಡಿಯ ಅರೆಕಾಲಿಕ ಕೆಲಸವೂ ಹಾಗೆಯೇ.

ಇನ್ನೊಂದು ಆಸೆ ನಮ್ಮೂರಿನದೇ. ತಾಜಸುಲ್ತಾನಪುರದಲ್ಲಿ ಕೆಎಸ್‌ಆರ್‌ಪಿ ಮೀಸಲು ಪೊಲೀಸ್ ಬೆಟಾಲಿಯನ್ ಇದೆ. ಪೊಲೀಸನಾಗುವ ಕನಸು ಇಲ್ಲಿಯ ಬಹಳ ಹುಡುಗರದು. ಆ ಕನಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇಕು, ಓಡುವ ಶ್ವಾಸಕೋಶ ಬೇಕು. ನಾನು ಹೇಳುವ ನೂರು ಮಾತಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

6. ನಮ್ಮ ಕಡೆ ಮಾರ್ಚ್ ಕಷ್ಟದ ತಿಂಗಳು. ಹೋಳಿ, ಅದರ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ, ಅದೇ ಸುಮಾರಿಗೆ ಪರೀಕ್ಷೆ. ಗೆಳೆಯರು, ರೊಕ್ಕ, ಪರೀಕ್ಷೆಯ ಭಯ ಮೂರೂ ಕೂಡುತ್ತವೆ. ತಿಂಗಳು ಮೊದಲೇ ಕುಳಿತು, ಹೋಳಿ ದಿನ ಎಲ್ಲಿರುತ್ತಾನೆ, ಜಾತ್ರೆಗೆ ಯಾರ ಜೊತೆ ಹೋಗುತ್ತಾನೆ ಎಂದು ಮಾತಾಡಿಕೊಳ್ಳಿ. ಜಾತ್ರೆಗೆ ಹೋಗಲೇಬೇಡ ಅನ್ನಬೇಡಿ. ಅಪ್ಪ ಅಥವಾ ಕಾಕಾ ಜೊತೆಗೆ ಹೋಗಲಿ.

7. ಶಾಲೆಯಲ್ಲಿ ವಿಷಯ ಎಷ್ಟು ಜನಕ್ಕೆ ಗೊತ್ತಿರಬೇಕು? ಮುಖ್ಯ ಶಿಕ್ಷಕರು, ಜೊತೆಗೆ ಹುಡುಗನೇ ಆರಿಸಿದ ಒಬ್ಬ ಮೇಷ್ಟ್ರು. ಸ್ಟಾಫ್‌ರೂಮಿಗೆ ಬೇಡ. ಚಿಕಿತ್ಸೆಯ ವಿವರ ಗುಟ್ಟಾಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಶಾಲೆಯ ಹತ್ತಿರವೇ ಮಕ್ಕಳಿಗೆ ಅಮಲು ಮಾರುವವರಿದ್ದರೆ ಅದನ್ನು ಮಾತ್ರ ಮುಚ್ಚಿಡಬೇಡಿ. ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

8. ಮತ್ತೆ ಜಾರಿದರೆ ಏನು ಎಂಬುದನ್ನು ಶಾಲೆಗೆ ಮರಳುವ ದಿನವೇ ಬರೆದಿಡಿ. ಹುಡುಗ ಆರಿಸಿದ ಮೇಷ್ಟ್ರು ಮನೆಗೆ ಫೋನ್ ಮಾಡುತ್ತಾರೆ, ಮನೆಯವರು ಹೊಡೆಯುವುದಿಲ್ಲ, ಮರುದಿನ ಡಾಕ್ಟರ ಬಳಿ ಹೋಗುತ್ತಾರೆ. ರಾತ್ರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಡಾಕ್ಟರನ್ನು ಕಂಡ ಮರುದಿನ ಹುಡುಗ ತರಗತಿಯಲ್ಲಿರುತ್ತಾನೆ. ಈ ಹಾಳೆಗೆ ಹುಡುಗನೂ ಸಹಿ ಮಾಡಬೇಕು, ಅಪ್ಪನೂ.